ಫೋನು ಡಬ್ಬಿಗೆ, ನಾವು ಕುರ್ಚಿಗೆ: ಬೆಂಗಳೂರಿನ ವಿಜಯನಗರದ ಒಂದು ರೀಡಿಂಗ್ ರೂಮಿನಲ್ಲಿ ಎಂಟು ತಿಂಗಳು

ಮೊದಲೇ ಹೇಳಿಬಿಡುತ್ತೇನೆ, ಟಾಯ್ಲೆಟ್ ಚೆನ್ನಾಗಿಲ್ಲ. ಹುಡುಗಿಯರಿಗೆ ಇರುವುದು ಒಂದೇ, ಅದರ ಚಿಲಕ ಮೂರು ತಿಂಗಳಿಂದ ಅರ್ಧ ಕಿತ್ತುಕೊಂಡು ನೇತಾಡುತ್ತಿದೆ. ದುಡ್ಡು ಕೊಟ್ಟರೆ ರಸೀದಿ ಕೊಡುವುದಿಲ್ಲ, ಕೇಳಿದರೆ "ಕೊಡೋಣ ಬಿಡಮ್ಮಾ" ಅನ್ನುತ್ತಾರೆ. ಇಷ್ಟಾದರೂ 2025ರ ಜನವರಿಯಿಂದ ತಿಂಗಳಿಗೆ 1,100 ರೂಪಾಯಿ ಕೊಟ್ಟು ಈ ರೀಡಿಂಗ್ ರೂಮಿಗೆ, ಅಂದರೆ ಬರೀ ಕೂತು ಓದುವುದಕ್ಕೆ ಬಾಡಿಗೆಗೆ ಸಿಗುವ ಜಾಗಕ್ಕೆ, ಹೋಗುತ್ತಿದ್ದೇನೆ. ಮನೆಯಲ್ಲಿ ಪುಕ್ಕಟೆ ಟೇಬಲ್ ಇದೆ, ಹಂಪಿನಗರದಲ್ಲಿ ಅಷ್ಟು ದೊಡ್ಡ ಸರ್ಕಾರಿ ಲೈಬ್ರರಿ ಇದೆ, ನಿನಗ್ಯಾಕೆ ಈ ಖರ್ಚು ಅಂತ ಕ್ಲಾಸಿನವರು ಕೇಳುತ್ತಲೇ ಇರುತ್ತಾರೆ. ಎಲ್ಲರಿಗೂ ಒಂದೇ ಸಲ ಉತ್ತರ ಕೊಟ್ಟ ಹಾಗಾಗಲಿ ಅಂತ ಬರೆಯುತ್ತಿದ್ದೇನೆ. ಜಾಗದ ಹೆಸರು ಹಾಕುವುದಿಲ್ಲ. ದೂರು ಹೇಳುವುದು ಬೇಕಾದಷ್ಟಿದೆ, ಓನರ್ ಅಂಕಲ್ ಮನುಷ್ಯ ಒಳ್ಳೆಯವರು, ಸುಮ್ನೆ ಯಾಕೆ ಅಲ್ವಾ. ವಿಜಯನಗರ, ಅತ್ತಿಗುಪ್ಪೆ ಕಡೆ ಕೋಚಿಂಗ್ ಸೆಂಟರ್‌ಗಳ ಜೊತೆಗೆ ಇಂಥ ರೂಮುಗಳೂ ಬೀದಿ ಬೀದಿಗೆ ಎದ್ದಿವೆ. ಹುಡುಕಿದರೆ ನಿಮಗೂ ಒಂದು ಸಿಗುತ್ತದೆ.

ಜಾಗ ಹೇಗಿದೆ ಅಂದರೆ, ಕೆಳಗೆ ಬೇಕರಿ, ಮೊದಲನೇ ಮಹಡಿಯಲ್ಲಿ ಟೈಲರ್, ಎರಡನೇ ಮಹಡಿಯಲ್ಲಿ ನಾವು. ಲಿಫ್ಟ್ ಇಲ್ಲ. ಪ್ಲೈವುಡ್ ಅಡ್ಡ ಹಾಕಿ 46 ಸೀಟು ಮಾಡಿದ್ದಾರೆ, ಒಂದೊಂದಕ್ಕೂ ಒಂದು ಟ್ಯೂಬ್‌ಲೈಟು, ಒಂದು ಪ್ಲಗ್ಗು, ತಲೆಯ ಮೇಲೆ ಪುಸ್ತಕ ಇಡಲು ಒಂದು ಹಲಗೆ. ಕರೆಂಟ್ ಹೋದರೆ ಯುಪಿಎಸ್ ಇದೆ, ಆದರೆ ಲೈಟಿಗೆ ಮಾತ್ರ, ಫ್ಯಾನಿಗಿಲ್ಲ. ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಎರಡು ಗಂಟೆ ಕರೆಂಟ್ ಇರಲಿಲ್ಲ, ಒಳಗೆ ಕೂತವರೆಲ್ಲ ಇಡ್ಲಿ ಪಾತ್ರೆಯಲ್ಲಿ ಬೆಂದ ಹಾಗೆ ಬೆಂದೆವು. ಸಂಜೆ ನಾಲ್ಕಕ್ಕೆ ಕೆಳಗಿನ ಬೇಕರಿಯಿಂದ ಖಾರಾ ಬನ್ ವಾಸನೆ ಬರುತ್ತದೆ. ಅದು ದೂರೋ ಹೊಗಳಿಕೆಯೋ ನನಗೇ ಗೊತ್ತಿಲ್ಲ.

ಈ ರೂಮಿನ ಮುಖ್ಯ ವಿಷಯ ಬಾಗಿಲ ಹತ್ತಿರ ಇದೆ. ಚಪ್ಪಲಿ ಸ್ಟ್ಯಾಂಡ್ ಥರದ ಒಂದು ಮರದ ಸ್ಟ್ಯಾಂಡು, ಅದರಲ್ಲಿ ಸಣ್ಣ ಸಣ್ಣ ಗೂಡು, ಗೂಡಿಗೊಂದು ಬಾಗಿಲು, ಬಾಗಿಲಿಗೊಂದು ಬೀಗ. ಒಳಗೆ ಹೋಗುವ ಮುಂಚೆ ಫೋನ್ ಅದರಲ್ಲಿಡಬೇಕು. ಸೈಲೆಂಟ್ ಮಾಡಿ ಜೇಬಿನಲ್ಲಿ ಇಟ್ಟುಕೊಳ್ಳುತ್ತೇನೆ ಅಂದರೆ ನಡೆಯುವುದಿಲ್ಲ. ಟ್ಯಾಬ್, ಲ್ಯಾಪ್‌ಟಾಪ್‌ಗೆ ಒಂದು ಪ್ರತ್ಯೇಕ ಮೂಲೆ ಇದೆ, ಅಲ್ಲಿ ಆರೇ ಸೀಟು. ಎರಡು ಗಂಟೆಗೊಮ್ಮೆ ಬಾಲ್ಕನಿಗೆ ಹೋಗಿ ಹತ್ತು ನಿಮಿಷ ಫೋನ್ ನೋಡಬಹುದು. ಮನೆಯವರು ಅರ್ಜೆಂಟಾಗಿ ಕರೆಯಬೇಕಾದರೆ ಕೌಂಟರ್‌ನಲ್ಲಿ ಒಂದು ಕೀಪ್ಯಾಡ್ ಫೋನ್ ಇದೆ, ಅದರ ನಂಬರ್ ಸೇರುವಾಗಲೇ ಬರೆದುಕೊಡುತ್ತಾರೆ. ಅಮ್ಮ ಈ ನಂಬರನ್ನು ಫ್ರಿಜ್ಜಿಗೆ ಅಂಟಿಸಿದ್ದಾರೆ. ಎಂಟು ತಿಂಗಳಲ್ಲಿ ಎರಡೇ ಸಲ ಫೋನ್ ಬಂದಿದೆ. ಒಂದು ಸಲ ಮನೆ ಕೀ ಎಲ್ಲಿಟ್ಟೆ ಅಂತ, ಇನ್ನೊಂದು ಸಲ ಬರುವಾಗ ಕೊತ್ತಂಬರಿ ತಾ ಅಂತ.

ಇನ್ನು ನಾನು ಯಾಕೆ ಸೇರಿದೆ ಅನ್ನುವುದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. 2020ರಲ್ಲಿ ನಾನು ಸೆಕೆಂಡ್ ಪಿಯುಸಿ. ನಮ್ಮ ಬ್ಯಾಚಿನವರಿಗೆ ನೆನಪಿರುತ್ತದೆ, ಎಲ್ಲ ಪೇಪರ್ ಮುಗಿದು ಇಂಗ್ಲಿಷ್ ಒಂದು ಉಳಿದಿತ್ತು. ಮಾರ್ಚ್ 23ಕ್ಕೆ ಇದ್ದದ್ದು ಮುಂದಕ್ಕೆ ಹೋಗಿ ಹೋಗಿ ಕೊನೆಗೆ ಜೂನ್ 18ಕ್ಕೆ ಬಂತು. ಲೆಕ್ಕ ಹಾಕಿ, 87 ದಿನ. ಒಂದು ಪೇಪರ್‌ಗೆ 87 ದಿನ ಸಿಕ್ಕರೆ ಪುಸ್ತಕ ಪೂರ್ತಿ ಬಾಯಿಪಾಠ ಆಗಬೇಕು. ನನಗೆ ಬಾಯಿಪಾಠ ಆಗಿದ್ದು ಪಿ ನಂಬರುಗಳು. ಆಗ ನಮ್ಮ ರಾಜ್ಯದ ಬುಲೆಟಿನ್‌ನಲ್ಲಿ ಕೋವಿಡ್ ಸೋಂಕು ತಗುಲಿದ ಒಬ್ಬೊಬ್ಬರಿಗೂ ಒಂದು ನಂಬರ್ ಇರುತ್ತಿತ್ತು, ಪಿ-1, ಪಿ-2 ಅಂತ. ಯಾವ ಜಿಲ್ಲೆ, ಎಷ್ಟು ವಯಸ್ಸು, ಯಾರಿಂದ ಬಂತು, ಎಲ್ಲ ಅದರಲ್ಲೇ. ಮಧ್ಯಾಹ್ನ ಒಂದು ಬುಲೆಟಿನ್, ಸಂಜೆ ಒಂದು. ಅಪ್ಪ ಟಿವಿ ಮುಂದೆ, ನಾನು ಫೋನ್ ಮುಂದೆ. ಯಾವ ನಂಬರಿನವರಿಂದ ಯಾವ ನಂಬರಿಗೆ ಹರಡಿತು ಅನ್ನುವುದನ್ನು ನಾನು ರಫ್ ಬುಕ್ಕಿನಲ್ಲಿ ಬಾಣ ಹಾಕಿ ಬರೆಯುತ್ತಿದ್ದೆ, ದೇವರಾಣೆ. ಪಕ್ಕದಲ್ಲೇ ತೆರೆದಿಟ್ಟ ಇಂಗ್ಲಿಷ್ ಪದ್ಯದ ಮೊದಲ ಎರಡು ಸಾಲು ದಾಟುತ್ತಿರಲಿಲ್ಲ. ಓದಿದ ಸಾಲನ್ನೇ ಓದುವುದು, ಮತ್ತೆ ಮೇಲಿಂದ ಶುರು ಮಾಡುವುದು, ಅಷ್ಟರಲ್ಲಿ ಸಂಜೆಯ ಬುಲೆಟಿನ್.

ಆಗ ನಾನು ದಡ್ಡಿ ಆಗಿಬಿಟ್ಟೆ ಅಂದುಕೊಂಡಿದ್ದೆ. ಈಗ ಬಿ.ಎಡ್. ಮಾಡುತ್ತಾ ಟಿಇಟಿಗೆ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆಗೆ, ಓದುತ್ತಿದ್ದೇನೆ, ಅದರಲ್ಲಿ ಶೈಕ್ಷಣಿಕ ಮನೋವಿಜ್ಞಾನ ಒಂದು ದೊಡ್ಡ ಭಾಗ. ಅದನ್ನು ಓದುವಾಗ ನಮ್ಮ ಮನೆ ಕಥೆಯನ್ನೇ ಯಾರೋ ಬರೆದ ಹಾಗಿತ್ತು. ನಾವು ಓದಿದ್ದನ್ನು ಅರ್ಥ ಮಾಡಿಕೊಳ್ಳುವಾಗ, ಮನಸ್ಸಿನಲ್ಲೇ ಲೆಕ್ಕ ಮಾಡುವಾಗ ಬಳಸುವ ಜಾಗಕ್ಕೆ ವರ್ಕಿಂಗ್ ಮೆಮೊರಿ ಅನ್ನುತ್ತಾರೆ. ಅದು ನಮ್ಮ ಮನೆಯ ಅಡುಗೆ ಕಟ್ಟೆ ಇದ್ದ ಹಾಗೆ, ಬಹಳ ಚಿಕ್ಕದು. ಕುಕ್ಕರ್, ಮಿಕ್ಸಿ, ಹಾಲಿನ ಪಾತ್ರೆ ಎಲ್ಲ ಅಲ್ಲೇ ಇಟ್ಟರೆ ತರಕಾರಿ ಹೆಚ್ಚಲು ಜಾಗ ಇರುವುದಿಲ್ಲ. ಚಿಂತೆಯೂ ಅದೇ ಕಟ್ಟೆಯ ಮೇಲೆ ಕೂರುತ್ತದೆ. "ಪಕ್ಕದ ರಸ್ತೆಗೆ ಬಂತಂತೆ, ಅಜ್ಜಿಗೆ ಶುಗರ್ ಇದೆ, ಏನಾಗುತ್ತದೋ" ಅನ್ನುವುದು ತಲೆಯಲ್ಲಿ ಓಡುತ್ತಿದ್ದರೆ ಪದ್ಯಕ್ಕೆ ಉಳಿಯುವ ಜಾಗ ಅಷ್ಟರಲ್ಲೇ. ಸ್ವಲ್ಪ ಹೆದರಿಕೆ ಇದ್ದರೆ ಓದು ಚೆನ್ನಾಗಿ ಆಗುತ್ತದೆ ಅನ್ನುವುದೂ ನಿಜ. ಯರ್ಕ್ಸ್ ಮತ್ತು ಡಾಡ್ಸನ್ ಅನ್ನುವವರು 1908ರಲ್ಲೇ ಇಲಿಗಳ ಮೇಲೆ ಪ್ರಯೋಗ ಮಾಡಿ ಇದನ್ನು ತೋರಿಸಿದ್ದರು. ಆದರೆ ಕೆಲಸ ಕಷ್ಟವಾದಷ್ಟೂ ಜಾಸ್ತಿ ಒತ್ತಡ ಕೆಲಸವನ್ನು ಕೆಡಿಸುತ್ತದೆ ಅನ್ನುವುದೂ ಅದೇ ಪ್ರಯೋಗದಲ್ಲಿತ್ತು.

ಸರಿ, ಅದೆಲ್ಲ ಮುಗಿದ ಕಥೆ ಅಂದುಕೊಂಡಿದ್ದೆ. ಡಿಗ್ರಿ ಆಯಿತು, ಮಾಸ್ಕ್ ಹೋಯಿತು. 2025ರ ಜನವರಿ 6, ಸೋಮವಾರ, ಬೆಂಗಳೂರಿನಲ್ಲಿ ಎರಡು ಮಕ್ಕಳಿಗೆ ಎಚ್‌ಎಂಪಿವಿ ಅಂತ ಸುದ್ದಿ ಬಂತು. ಮೂರು ತಿಂಗಳದ್ದೊಂದು ಮಗು, ಎಂಟು ತಿಂಗಳದ್ದೊಂದು. ಟಿವಿಯಲ್ಲಿ ಅದೇ ಕೆಂಪು ಪಟ್ಟಿ, ಅದೇ ಢಂ ಢಂ ಸಂಗೀತ, ಅದೇ "ಅಟ್ಟಹಾಸ", ಅದೇ "ಹೆಮ್ಮಾರಿ". ನಮ್ಮ ಸುದ್ದಿವಾಹಿನಿಗಳಲ್ಲಿ ವೈರಸ್ ಯಾವತ್ತೂ ಸುಮ್ಮನೆ ಬರುವುದಿಲ್ಲ, ಯಕ್ಷಗಾನದ ರಾಕ್ಷಸ ವೇಷದ ಹಾಗೆ ಕೇಕೆ ಹಾಕಿಕೊಂಡೇ ಬರಬೇಕು. ನಾನು ಆ ರಾತ್ರಿ ಎರಡೂವರೆವರೆಗೆ ಫೋನ್ ನೋಡಿದೆ. ಮರುದಿನವೂ ಅದೇ, ಅದರ ಮರುದಿನವೂ ಅದೇ. ಎದೆ ಹಿಡಿದ ಹಾಗೆ, ಕೈ ತಣ್ಣಗೆ. ಆಮೇಲೆ ಗೊತ್ತಾಗಿದ್ದು ಏನೆಂದರೆ ಆ ವೈರಸ್ ಹೊಸದೇ ಅಲ್ಲ, 2001ರಲ್ಲೇ ನೆದರ್‌ಲ್ಯಾಂಡ್ಸ್‌ನಲ್ಲಿ ಗುರುತಿಸಿದ್ದರು, ಚಳಿಗಾಲದಲ್ಲಿ ಮಕ್ಕಳಿಗೆ ಬರುವ ನೆಗಡಿ, ಕೆಮ್ಮಿನ ವೈರಸ್‌ಗಳ ಗುಂಪಿಗೆ ಸೇರಿದ್ದು. ಸುದ್ದಿ ಬರುವ ಹೊತ್ತಿಗೆ ಆ ಎರಡರಲ್ಲಿ ಒಂದು ಮಗು ಡಿಸ್ಚಾರ್ಜ್ ಕೂಡ ಆಗಿತ್ತು. ಇದೆಲ್ಲ ಮೊದಲ ದಿನದ ಸುದ್ದಿಯಲ್ಲೇ ಇತ್ತು. ನಾನೇ ಓದಿದ್ದೆ, ಆದರೆ ತಲೆಗೆ ಹೋಗಿರಲಿಲ್ಲ. ನನ್ನನ್ನು ಹೆದರಿಸಿದ್ದು ಅದೇ. ಸುದ್ದಿ ಜಾಸ್ತಿ ನೋಡಿದಷ್ಟೂ ನನಗೆ ಗೊತ್ತಾಗುತ್ತಿದ್ದದ್ದು ಕಮ್ಮಿ.

ಇದರ ಬಗ್ಗೆ ಒಂದು ಒಳ್ಳೆಯ ಅಧ್ಯಯನ ಇದೆ, ಕೋವಿಡ್‌ಗೂ ಮುಂಚಿನದು. ಅಮೆರಿಕದ ಬಾಸ್ಟನ್‌ನಲ್ಲಿ 2013ರಲ್ಲಿ ಮ್ಯಾರಥಾನ್ ಓಟದ ಹೊತ್ತಿಗೆ ಬಾಂಬ್ ಸಿಡಿಯಿತು. ಆಮೇಲಿನ ವಾರದಲ್ಲಿ ದಿನಕ್ಕೆ ಆರು ಗಂಟೆ ಅಥವಾ ಜಾಸ್ತಿ ಅದರ ಸುದ್ದಿ ನೋಡಿದವರಲ್ಲಿ ಒತ್ತಡದ ಲಕ್ಷಣಗಳು, ಬಾಂಬ್ ಸಿಡಿದ ಜಾಗದಲ್ಲಿ ಅಥವಾ ಹತ್ತಿರದಲ್ಲಿ ಇದ್ದವರಿಗಿಂತ ಜಾಸ್ತಿ ಇದ್ದವು. ಅಲ್ಲಿ ಇದ್ದವರಿಗಿಂತ! ಅದೇ ತಂಡ ಅದೇ ಜನರನ್ನು ಮೂರು ವರ್ಷ ಹಿಂಬಾಲಿಸಿತು. ಮೊದಲ ಘಟನೆಯ ಸುದ್ದಿ ಜಾಸ್ತಿ ನೋಡಿದವರು ಮುಂದೇನಾಗುತ್ತದೋ ಅಂತ ಜಾಸ್ತಿ ಚಿಂತೆ ಮಾಡುತ್ತಿದ್ದರು, ಆಮೇಲೆ 2016ರಲ್ಲಿ ಒರ್ಲ್ಯಾಂಡೊ ಗುಂಡಿನ ದಾಳಿ ಆದಾಗ ಅದರ ಸುದ್ದಿಯನ್ನೂ ಅವರೇ ಜಾಸ್ತಿ ನೋಡಿದರು, ಮತ್ತೆ ಒತ್ತಡವೂ ಅವರಿಗೇ ಜಾಸ್ತಿ. ಗಾಣದ ಎತ್ತು ಸುತ್ತಿದ ಹಾಗೆ. 2020ರ ಪಿ ನಂಬರ್ ಹುಡುಗಿ 2025ರಲ್ಲಿ ರಾತ್ರಿ ಎರಡೂವರೆಗೆ ಎಚ್‌ಎಂಪಿವಿ ಹುಡುಕುತ್ತಾ ಕೂತಿದ್ದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಸಿಕ್ಕಿಲ್ಲ. ಕೋವಿಡ್ ಕಾಲದಲ್ಲಿ ವಿದ್ಯಾರ್ಥಿಗಳ ಮೇಲೆ ಮಾಡಿದ ಸರ್ವೆಗಳಲ್ಲೂ ಸುದ್ದಿ ಜಾಸ್ತಿ ನೋಡುವವರಿಗೆ ಆತಂಕ ಜಾಸ್ತಿ ಅಂತ ಬಂದಿದೆ. ಆದರೆ ಒಂದು ಮಾತು. ಆತಂಕ ಇರುವವರೇ ಸುದ್ದಿಯನ್ನು ಜಾಸ್ತಿ ಹುಡುಕುತ್ತಾರೆ ಅನ್ನುವುದೂ ಇದೆ. ಒಂದೇ ಸಲ ಮಾಡಿದ ಸರ್ವೆಯಲ್ಲಿ ಯಾವುದು ಮೊದಲು ಅಂತ ಹೇಳಲಾಗದು. ನನ್ನ ವಿಷಯದಲ್ಲಿ ಎರಡೂ ನಿಜ.

ಆ ವಾರದಲ್ಲೇ ಒಂದು ರಾತ್ರಿ 14416ಕ್ಕೆ ಫೋನ್ ಮಾಡಿದ್ದೆ. ಟೆಲಿ ಮಾನಸ್ ಅಂತ, 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಸೇವೆ, ದುಡ್ಡಿಲ್ಲ, ನಮ್ಮ ನಿಮ್ಹಾನ್ಸ್ ಇದರ ಹಿಂದಿದೆ. ಕನ್ನಡದಲ್ಲೇ ಮಾತಾಡಿದರು. ನಿದ್ದೆ ಹೇಗಿದೆ, ಊಟ ಹೇಗಿದೆ ಅಂತ ಕೇಳಿ, ಸುದ್ದಿಗೆ ದಿನಕ್ಕೆ ಒಂದು ಅಥವಾ ಎರಡು ಹೊತ್ತು ಅಂತ ಗೊತ್ತು ಮಾಡಿಕೊಳ್ಳಿ, ಉಳಿದ ಹೊತ್ತು ಫೋನ್ ಕೈಗೆ ಸಿಗದ ಕಡೆ ಇಡಿ ಅಂದರು. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚ್‌ನಲ್ಲೇ ಇದೇ ಸಲಹೆ ಕೊಟ್ಟಿತ್ತು. ಸಲಹೆ ಸರಿ. ಆದರೆ ಎರಡು ರೂಮಿನ ಮನೆಯಲ್ಲಿ, ಅಪ್ಪನ ಟಿವಿ ಬೆಳಿಗ್ಗೆ ಆರಕ್ಕೆ ಶುರುವಾಗಿ ರಾತ್ರಿ ಹನ್ನೊಂದಕ್ಕೆ ನಿಲ್ಲುವ ಕಡೆ, "ಕೈಗೆ ಸಿಗದ ಕಡೆ" ಎಲ್ಲಿದೆ? ಅಪ್ಪನಿಗೆ ಹೇಳಿದರೆ "ಪ್ರಪಂಚದಲ್ಲಿ ಏನಾಗ್ತಿದೆ ಅಂತ ತಿಳ್ಕೋಬೇಡ್ವೇನೇ?" ಅನ್ನುತ್ತಾರೆ. ಅದಕ್ಕೇ ಅತ್ತಿಗುಪ್ಪೆ ಮೆಟ್ರೊ ಇಳಿದು ರೂಮು ಹುಡುಕಿದ್ದು. ಮೂರು ಕಡೆ ನೋಡಿದೆ. ಒಂದರಲ್ಲಿ ಎಸಿ ಇತ್ತು, ವೈಫೈ ಇತ್ತು, 1,800 ಕೇಳಿದರು. ವೈಫೈ ಇಲ್ಲದ, ಫೋನ್ ಕಿತ್ತುಕೊಳ್ಳುವ ಕಡೆ ಸೇರಿದೆ. ಹಂಪಿನಗರದ ಲೈಬ್ರರಿ ಒಳ್ಳೆಯದೇ, ಆದರೆ ಅಲ್ಲಿ ಫೋನ್ ನನ್ನ ಬ್ಯಾಗಿನಲ್ಲೇ ಇರುತ್ತದೆ. ನನಗೆ ನನ್ನ ಮೇಲೆ ಅಷ್ಟು ನಂಬಿಕೆ ಇಲ್ಲ.

ಮೊದಲ ವಾರ ಹೇಗಿತ್ತು ಕೇಳಿ. ಅರ್ಧ ಗಂಟೆಗೊಮ್ಮೆ ಕೈ ತಾನಾಗಿಯೇ ಟೇಬಲ್ಲಿನ ಬಲಗಡೆಗೆ ಹೋಗುತ್ತಿತ್ತು, ಅಲ್ಲಿ ಏನೂ ಇರುತ್ತಿರಲಿಲ್ಲ. ಸ್ಟ್ಯಾಂಡಿನಲ್ಲಿ ಯಾರದೋ ಫೋನ್ ವೈಬ್ರೇಟ್ ಆದರೆ ಮರಕ್ಕೆ ತಾಗಿ ಜೀರುಂಡೆ ಕೂಗಿದ ಹಾಗೆ ಗುಯ್‌ಗುಡುತ್ತದೆ, ಪ್ರತಿ ಸಲವೂ ನನ್ನದೇ ಅನ್ನಿಸುತ್ತಿತ್ತು. ಮನಸ್ಸು ಏನೇನೋ ಕಟ್ಟುತ್ತಿತ್ತು. ಬಾಲ್ಕನಿಗೆ ಓಡಿ ನೋಡಿದರೆ ಮೊಬೈಲ್ ರೀಚಾರ್ಜ್ ಮೆಸೇಜು. ಎರಡನೇ ವಾರದಲ್ಲಿ ಬೇರೆ ಏನೋ ಆಯಿತು. ಮಧ್ಯಾಹ್ನದ ಬ್ರೇಕಿಗೆ ಹೋಗುವುದನ್ನೇ ಮರೆತೆ. ಸಂಜೆ ಏಳಕ್ಕೆ ಫೋನ್ ತೆಗೆದಾಗ 63 ನೋಟಿಫಿಕೇಶನ್ ಇದ್ದವು, ಅದರಲ್ಲಿ ಸುದ್ದಿ ಆ್ಯಪಿನವೇ ಜಾಸ್ತಿ. ಎಲ್ಲವನ್ನೂ ಒಟ್ಟಿಗೆ ನೋಡಿದಾಗ ಒಂದು ತಮಾಷೆ ಕಂಡಿತು. ಬೆಳಿಗ್ಗೆ 11ಕ್ಕೆ ಬಂದ "ಶಾಕಿಂಗ್" ಸುದ್ದಿಯನ್ನು ಸಂಜೆ 4ರ ಸುದ್ದಿಯೇ ಸುಳ್ಳು ಅಂದಿತ್ತು. ಇವೆರಡರ ಮಧ್ಯದ ಐದು ಗಂಟೆಯ ಹೆದರಿಕೆಯನ್ನು ನಾನು ಖರ್ಚೇ ಮಾಡಿರಲಿಲ್ಲ.

ಓದಿನಲ್ಲಿ ವ್ಯತ್ಯಾಸ ಆಯಿತಾ? ಆಯಿತು. ಟಿಇಟಿ ಮಾಡೆಲ್ ಪೇಪರ್ 150 ಪ್ರಶ್ನೆ. ಜನವರಿಯಲ್ಲಿ ಮನೆಯಲ್ಲಿ ಫೋನ್ ಪಕ್ಕದಲ್ಲಿಟ್ಟುಕೊಂಡು ಮಾಡಿದಾಗ 84 ಬಂದಿತ್ತು, ಮಾರ್ಚ್‌ನಲ್ಲಿ ಇಲ್ಲಿ ಕೂತು ಮಾಡಿದಾಗ 101. ಆದರೆ ನಡುವೆ ಎರಡು ತಿಂಗಳು ಓದಿಯೂ ಇದ್ದೆನಲ್ಲ, ಎಲ್ಲ ಪುಣ್ಯವನ್ನೂ ಮರದ ಡಬ್ಬಿಗೆ ಕೊಡಲಾಗದು. ಅಂಕಕ್ಕಿಂತ ನನಗೆ ಮುಖ್ಯ ಅನ್ನಿಸಿದ್ದು ಪ್ರಶ್ನೆಯನ್ನು ಒಂದೇ ಸಲ ಓದಿ ಉತ್ತರಕ್ಕೆ ಹೋಗುವುದು ಮತ್ತೆ ಸಾಧ್ಯವಾಯಿತು ಅನ್ನುವುದು. ಅಂಕಲ್ ಸೇರುವವರಿಗೆಲ್ಲ "ಫೋನ್ ಎದುರಿಗಿದ್ದರೆ ಸಾಕು, ಮುಟ್ಟದಿದ್ದರೂ ಬುದ್ಧಿ ಮಂಕಾಗುತ್ತೆ, ಅಮೆರಿಕದಲ್ಲಿ ಕಂಡುಹಿಡಿದಿದ್ದಾರೆ" ಅಂತ ಹೇಳುತ್ತಾರೆ. ಅಂಥ ಒಂದು ಪ್ರಯೋಗ 2017ರಲ್ಲಿ ಬಂದಿದ್ದು ಹೌದು, ಫೋನನ್ನು ಬೇರೆ ಕೋಣೆಯಲ್ಲಿ ಇಟ್ಟವರು ಟೇಬಲ್ ಮೇಲೆ ಇಟ್ಟವರಿಗಿಂತ ಚೆನ್ನಾಗಿ ಮಾಡಿದ್ದರು. ಆಮೇಲೆ ಬೇರೆಯವರು ಮತ್ತೆ ಮಾಡಿ ನೋಡಿದಾಗ ಎಲ್ಲ ಕಡೆ ಅದೇ ಫಲ ಬರಲಿಲ್ಲ. ಅಂಕಲ್‌ಗೆ ಇದನ್ನು ಹೇಳಲು ಹೋಗಿಲ್ಲ, ವ್ಯಾಪಾರ ಅವರದು.

ಅಂಕಲ್ ವಿಷಯಕ್ಕೆ ಬಂದೆ, ಇದು ಈ ರೂಮಿನ ದೊಡ್ಡ ದೋಷ. ನಮ್ಮ ಫೋನ್ ಎಲ್ಲ ಬೀಗದೊಳಗೆ. ಅವರ ಫೋನ್? ಕೌಂಟರ್ ಮೇಲೆ, ಲೋಟಕ್ಕೆ ಒರಗಿಸಿ, ಇಡೀ ದಿನ ಸುದ್ದಿ! ಒಂದು ಕಿವಿಗೆ ಇಯರ್‌ಫೋನ್ ಹಾಕಿಕೊಂಡಿರುತ್ತಾರೆ, ಸೌಂಡ್ ಬರುವುದಿಲ್ಲ, ಅದು ನಿಜ. ಆದರೆ ಅವರ ಬಾಯಿ ಇದೆಯಲ್ಲ. "ತ್ಚ್ ತ್ಚ್ ತ್ಚ್." "ಅಯ್ಯೋ ಪಾಪ." "ಶಿವ ಶಿವಾ." ಒಳಗೆ ಕೂತ 46 ಜನರೂ ತಲೆ ಎತ್ತುತ್ತಾರೆ. ಸುದ್ದಿ ಏನು ಅಂತ ಗೊತ್ತಿಲ್ಲ, ಬರೀ ಅಯ್ಯೋ ಮಾತ್ರ ಗೊತ್ತು. ಸುದ್ದಿ ಓದುವುದಕ್ಕಿಂತ ಇದು ಕೆಟ್ಟದ್ದು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಇದು ಹೆಚ್ಚಾಗಿದ್ದು ಜೂನ್ ಕೊನೆ, ಜುಲೈನಲ್ಲಿ. ಹಾಸನ ಜಿಲ್ಲೆಯಲ್ಲಿ ಹೃದಯಾಘಾತದ ಸಾವುಗಳು ಅಂತ ದಿನಾ ಸುದ್ದಿ ಬರುತ್ತಿತ್ತಲ್ಲ, ಟಿವಿಯಲ್ಲಿ ಒಂದೊಂದನ್ನೂ ಎಣಿಸಿ ಎಣಿಸಿ ಹೇಳುತ್ತಿದ್ದರು. ಸತ್ತವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಬೆಂಗಳೂರಿನ, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗ್ಗೆಯೇ ಚೆಕಪ್‌ಗೆ ಕ್ಯೂ. ಕೋವಿಡ್ ಲಸಿಕೆಯಿಂದಲೇ ಹೀಗೆ ಅಂತ ವಾಟ್ಸ್ಯಾಪ್ ತುಂಬಾ ಮೆಸೇಜು. ನನ್ನ ಪಕ್ಕದ ಸೀಟಿನ ಹುಡುಗಿ ಚನ್ನರಾಯಪಟ್ಟಣದ ಕಡೆಯವಳು, ಇಲ್ಲಿ ಪಿಜಿಯಲ್ಲಿದ್ದಾಳೆ. ಒಂದು ಸಂಜೆ ಕೌಂಟರ್‌ನಿಂದ ದೊಡ್ಡ ದನಿಯಲ್ಲಿ "ಅಯ್ಯೋ, ಇನ್ನೊಂದು ಹೋಯ್ತು" ಅಂತ ಕೇಳಿಸಿತು. ಇವಳು ಪೆನ್ ಕೆಳಗಿಟ್ಟಳು. ಐದು ನಿಮಿಷ ಬಿಟ್ಟು "ಅಕ್ಕಾ, ನಂಗೆ ಎಡಗೈ ಜುಮ್ ಅಂತಿದೆ ಕಣಕ್ಕ" ಅಂದಳು. ಮುಖ ಬೆಳ್ಳಗಾಗಿತ್ತು. ಇಂಥದ್ದರಲ್ಲಿ "ಏನಾಗಲ್ಲ ಬಿಡೇ" ಅನ್ನಬಾರದು, ಎದೆ ನೋವು ಅಂದರೆ ತೋರಿಸಲೇಬೇಕು. ಆಟೊ ಹಿಡಿದು ಹತ್ತಿರದ ಕ್ಲಿನಿಕ್‌ಗೆ ಕರೆದುಕೊಂಡು ಹೋದೆ. ಇಸಿಜಿ ಮಾಡಿದರು, ನಾರ್ಮಲ್. ಡಾಕ್ಟರ್ ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತೀಯಾ ಅಂತ ಕೇಳಿದರು. ಮೂರಕ್ಕಂತೆ. ಮಲಗುವವರೆಗೆ ಏನು ಮಾಡುತ್ತೀಯಾ? ಹಾಸನದ ರೀಲ್ಸ್ ನೋಡುತ್ತಾಳಂತೆ, ಊರಿನವರು ಯಾರಾದರೂ ಇದ್ದಾರಾ ಅಂತ.

ಅವಳನ್ನು ನೋಡಿದಾಗ ನನಗೆ ರಫ್ ಬುಕ್ಕಿನ ಬಾಣಗಳು ನೆನಪಾದವು. ವಾಪಸ್ ಬರುವಾಗ ಬೇಕರಿಯಲ್ಲಿ ಕೂತು ಅವಳಿಗೆ ಡಿಗ್ರಿಯಲ್ಲಿ ಕಲಿತ ಒಂದು ವಿಷಯ ಹೇಳಿದೆ. ನಂದು ಪಿಎಂಎಸ್, ಅಂದರೆ ಫಿಸಿಕ್ಸ್, ಮ್ಯಾಥ್ಸ್ ಜೊತೆಗೆ ಸ್ಟ್ಯಾಟಿಸ್ಟಿಕ್ಸ್ ಇತ್ತು. "ಇಲ್ಲಿಯವರೆಗೆ ಒಟ್ಟು ಇಷ್ಟು" ಅನ್ನುವ ಲೆಕ್ಕ ಯಾವತ್ತೂ ಇಳಿಯುವುದೇ ಇಲ್ಲ, ಅದು ಇಳಿಯಲು ಸಾಧ್ಯವೇ ಇಲ್ಲ. ದಿನಾ ಒಂದು ಹೊಸ ದೊಡ್ಡ ಸಂಖ್ಯೆ, ದಿನಾ ಒಂದು ದಾಖಲೆ. 2020ರಲ್ಲಿ ನಾನು ನೋಡುತ್ತಿದ್ದದ್ದೂ ಅದನ್ನೇ. ಕೇಳಬೇಕಾದದ್ದು ಬೇರೆ. ಹೋದ ವರ್ಷ ಇದೇ ತಿಂಗಳು ಎಷ್ಟಿತ್ತು? ಎಷ್ಟು ಜನರಲ್ಲಿ? ಎಷ್ಟು ಟೆಸ್ಟ್ ಮಾಡಿದ್ದಕ್ಕೆ? ಇದು ಬ್ರೇಕಿಂಗ್‌ನಲ್ಲಿ ಬರುವುದಿಲ್ಲ. ಇನ್ನೊಂದು, ಯಾವುದು ಸುಲಭವಾಗಿ ನೆನಪಿಗೆ ಬರುತ್ತದೋ ಅದೇ ಜಾಸ್ತಿ ನಡೆಯುತ್ತಿದೆ ಅಂತ ಮನಸ್ಸು ತಿಳಿಯುತ್ತದೆ. ಟ್ವೆರ್ಸ್ಕಿ ಮತ್ತು ಕಾನಮನ್ ಅನ್ನುವವರು 1973ರಲ್ಲೇ ಬರೆದಿದ್ದಾರೆ. ಒಂದೇ ಸಾವಿನ ಸುದ್ದಿಯನ್ನು ನಾಲ್ಕು ಚಾನೆಲ್, ಹತ್ತು ರೀಲ್‌ನಲ್ಲಿ ನೋಡಿದರೆ ಮನಸ್ಸಿನ ಲೆಕ್ಕದಲ್ಲಿ ಅದು ಹದಿನಾಲ್ಕು. ಅವಳು ಖಾರಾ ಬನ್ ತಿನ್ನುತ್ತಾ "ಆದ್ರೂ ಸತ್ತಿರೋದು ನಿಜ ಅಲ್ವಾಕ್ಕ" ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಸತ್ತವರು ನಿಜ, ಅವರ ಮನೆಯವರ ದುಃಖ ನಿಜ. ಆಮೇಲೆ ಜುಲೈನಲ್ಲೇ ಸರ್ಕಾರದ ತಜ್ಞರ ಸಮಿತಿ ವರದಿ ಕೊಟ್ಟಿತು, ಕೋವಿಡ್ ಸೋಂಕಿಗೂ ಲಸಿಕೆಗೂ ಇದಕ್ಕೂ ಸಂಬಂಧ ಕಾಣಲಿಲ್ಲ ಅಂತ. ಆ ಸುದ್ದಿಗೆ ಢಂ ಢಂ ಸಂಗೀತ ಇರಲಿಲ್ಲ.

ಮರುದಿನ ನಾವಿಬ್ಬರೂ ಅಂಕಲ್ ಹತ್ತಿರ ಹೋದೆವು. "ಅಂಕಲ್, ನೀವೂ ಡಬ್ಬಿಗೆ ಹಾಕಿ" ಅಂದೆ. ಮೊದಲು ನಕ್ಕರು. ಇವಳ ವಿಷಯ ಕೇಳಿ ಗಂಭೀರವಾದರು, "ನನ್ನಿಂದಾನಾ ಅಮ್ಮಾ?" ಅಂತ ಎರಡು ಸಲ ಕೇಳಿದರು. ಅವತ್ತಿನಿಂದ ಸಂಜೆ ಐದರಿಂದ ಎಂಟರವರೆಗೆ ಅವರ ಫೋನ್ ಒಂದನೇ ನಂಬರ್ ಗೂಡಿನಲ್ಲಿ. ಒಂಬತ್ತು ದಿನ ನಡೆಯಿತು. ಹತ್ತನೇ ದಿನ ಏನೋ ಬಾಡಿಗೆಯವರ ಫೋನ್ ಬರಬೇಕಿತ್ತಂತೆ, ಲೋಟಕ್ಕೆ ಒರಗಿ ಕೂತ ಫೋನ್ ಮತ್ತೆ ಎದ್ದಿಲ್ಲ. ಈಗ "ತ್ಚ್" ಮಾತ್ರ ಅನ್ನುತ್ತಾರೆ, "ಅಯ್ಯೋ" ಬಿಟ್ಟಿದ್ದಾರೆ. ಅಷ್ಟು ಸುಧಾರಣೆ.

ಇಷ್ಟೆಲ್ಲ ಬರೆದ ಮೇಲೆ ಉಲ್ಟಾ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. 2021ರ ಏಪ್ರಿಲ್, ಮೇ ನೆನಪಿದೆಯಾ? ಮೇ 5ರಂದು ರಾಜ್ಯದಲ್ಲಿ ಒಂದೇ ದಿನ 50,112 ಕೇಸು, ಅದರಲ್ಲಿ 23 ಸಾವಿರಕ್ಕೂ ಮೇಲೆ ಬೆಂಗಳೂರಿನಲ್ಲೇ. ಆಗ ನಮ್ಮ ದೊಡ್ಡಪ್ಪನಿಗೆ ಆಕ್ಸಿಜನ್ ಬೆಡ್ ಬೇಕಾಯಿತು. ಅಕ್ಕ, ನಾನು, ಅಣ್ಣ ಮೂರು ಫೋನ್ ಹಿಡಿದು ರಾತ್ರಿಯಿಡೀ ಗ್ರೂಪ್‌ಗಳಲ್ಲಿ ಬಂದ ನಂಬರಿಗೆಲ್ಲ ಕರೆ ಮಾಡಿದೆವು. ಮೂವತ್ತರಲ್ಲಿ ಇಪ್ಪತ್ತೆಂಟು ಸ್ವಿಚ್ ಆಫ್. ಇಪ್ಪತ್ತೊಂಬತ್ತನೆಯದರಲ್ಲಿ ಬೆಡ್ ಸಿಕ್ಕಿತು, ದೊಡ್ಡಪ್ಪ ಇವತ್ತಿಗೂ ಸಂಕ್ರಾಂತಿಗೆ ಎಳ್ಳು ಬೆಲ್ಲ ತಂದುಕೊಡುತ್ತಾರೆ. ಅವತ್ತು ಯಾರಾದರೂ ಬಂದು ಫೋನ್ ಡಬ್ಬಿಗೆ ಹಾಕು ಅಂದಿದ್ದರೆ ಬಯ್ದು ಕಳಿಸುತ್ತಿದ್ದೆ. ಆದರೆ ಆ ರಾತ್ರಿ ನಾನು ನೋಡುತ್ತಿದ್ದದ್ದು ಬೆಡ್ ಎಲ್ಲಿದೆ ಅನ್ನುವುದನ್ನು. ಅದಕ್ಕೆ ಮುಂಚಿನ ಒಂದು ತಿಂಗಳು ನೋಡಿದ್ದು ಚಿತಾಗಾರದ ಮುಂದಿನ ಆಂಬ್ಯುಲೆನ್ಸ್ ಸಾಲನ್ನು, ಅದೇ ವೀಡಿಯೊ ಮತ್ತೆ ಮತ್ತೆ. ಎರಡನ್ನೂ ಸುದ್ದಿ ಅಂತಲೇ ಕರೆಯುತ್ತೇವೆ. ಮೊದಲನೆಯದು ಮುಗಿದ ಮೇಲೆ ನನಗೆ ಸುಸ್ತಾಗಿತ್ತು, ನಿದ್ದೆ ಬಂತು. ಎರಡನೆಯದು ನಿದ್ದೆಯನ್ನೇ ತಿಂದಿತ್ತು.

ಅದಕ್ಕೇ ಈ ರೂಮಿನಲ್ಲಿ ನನಗೆ ತುಂಬಾ ಇಷ್ಟವಾದದ್ದು ಪೇಪರ್ ಸ್ಟ್ಯಾಂಡ್. ಬಾಲ್ಕನಿಯಲ್ಲಿ ಮೂರು ಕನ್ನಡ ಪೇಪರ್, ಒಂದು ಇಂಗ್ಲಿಷ್. ಕರೆಂಟ್ ಅಫೇರ್ಸ್‌ಗೆ ಓದುವವರಿಗೆ ಅಂತ ಹಾಕಿಸುತ್ತಾರೆ. ಪೇಪರ್‌ಗೆ ಒಂದು ಗುಣ ಇದೆ, ಅದು ಮುಗಿಯುತ್ತದೆ. ಕೊನೆಯ ಪುಟದ ಕ್ರಿಕೆಟ್ ಆದ ಮೇಲೆ ಮಡಚಿ ಇಡಬೇಕು, ಕೆಳಗೆ ಎಳೆದರೆ ಇನ್ನೊಂದು ಬರುವುದಿಲ್ಲ. ಜುಲೈನಲ್ಲಿ ಹಾಸನದ ಸುದ್ದಿಯನ್ನು ನಾನು ಓದಿದ್ದು ಅಲ್ಲೇ, ದಿನಕ್ಕೆ ಹದಿನೈದು ನಿಮಿಷ. ಆ ಹುಡುಗಿಗಿಂತ ನನಗೆ ಕಮ್ಮಿ ಏನೂ ಗೊತ್ತಿರಲಿಲ್ಲ, ಜಾಸ್ತಿಯೇ ಗೊತ್ತಿತ್ತು ಅನ್ನಿ. ಒಂದೇ ಬೇಜಾರು, ಸುಡೋಕು ಯಾರೋ ಬೆಳಿಗ್ಗೆಯೇ ಪೆನ್ನಿನಲ್ಲಿ ತುಂಬಿರುತ್ತಾರೆ, ಅದೂ ತಪ್ಪಾಗಿ.

ಸೇರುವವರಿಗೆ ಇನ್ನಷ್ಟು. ಡೆಪಾಸಿಟ್ 500, ಬಿಡುವಾಗ ವಾಪಸ್ ಕೊಡುತ್ತಾರೆ ಅಂತ ಬಿಟ್ಟವರು ಹೇಳಿದ್ದಾರೆ. ಹುಡುಗಿಯರಿಗೆ ರಾತ್ರಿ ಒಂಬತ್ತೂವರೆವರೆಗೆ ಮಾತ್ರ, ಹುಡುಗರಿಗೆ ಹನ್ನೆರಡರವರೆಗೆ, ಫೀಸ್ ಮಾತ್ರ ಇಬ್ಬರಿಗೂ ಒಂದೇ. ಇದು ನ್ಯಾಯ ಅಲ್ಲ, ನಾನು ಹೇಳಿದ್ದೇನೆ, "ನಿಮ್ಮ ಸೇಫ್ಟಿಗೆ ಕಣಮ್ಮಾ" ಅನ್ನುತ್ತಾರೆ. ಹಾಗಾದರೆ ನೂರಿನ್ನೂರು ಕಮ್ಮಿ ಮಾಡಿ ಅಂದರೆ ಮಾತು ಬದಲಿಸುತ್ತಾರೆ. ಗೂಡಿನೊಳಗೆ ಚಾರ್ಜಿಂಗ್ ಇಲ್ಲ. ಕುಡಿಯುವ ನೀರು ಚೆನ್ನಾಗಿದೆ. ಬಾಗಿಲ ಹತ್ತಿರದ ಸೀಟುಗಳನ್ನು ತೆಗೆದುಕೊಳ್ಳಬೇಡಿ, ಅಂಕಲ್‌ನ "ತ್ಚ್" ನೇರವಾಗಿ ಅಲ್ಲಿಗೇ ಬರುತ್ತದೆ, ಕಿಟಕಿ ಕಡೆ ಕೇಳಿ. ಮನೆ ಪ್ರಶಾಂತವಾಗಿದೆ, ಫೋನ್ ಮೇಲೆ ಹಿಡಿತ ಇದೆ ಅನ್ನುವವರಿಗೆ ಇದು ದಂಡದ ಖರ್ಚು. ನನ್ನ ಥರದವರಿಗೆ ಐದರಲ್ಲಿ ಮೂರೂವರೆ. ಚಿಲಕ ಸರಿ ಮಾಡಿಸಿದರೆ ನಾಲ್ಕು.

ಚನ್ನರಾಯಪಟ್ಟಣದ ಹುಡುಗಿ ಈಗ ರಾತ್ರಿ ಪಿಜಿಗೆ ಹೋಗುವಾಗ ಫೋನನ್ನು ಗೂಡಿನಲ್ಲೇ ಬಿಟ್ಟು ಹೋಗಬಹುದಾ ಅಂತ ಕೇಳಿದ್ದಾಳೆ. ಅಂಕಲ್ ಯೋಚನೆ ಮಾಡುತ್ತೇನೆ ಅಂದಿದ್ದಾರೆ, ತಿಂಗಳಿಗೆ ಐವತ್ತು ಜಾಸ್ತಿ ಆಗಬಹುದಂತೆ. ನಾನು ನಿನ್ನೆ ಮುಂದಿನ ತಿಂಗಳ 1,100 ಕೊಟ್ಟು ಬಂದೆ. ರಸೀದಿ ಕೇಳಿದೆ. "ಕೊಡೋಣ ಬಿಡಮ್ಮಾ."